ಪಹಣಿ ಉಂಟು, ಮ್ಯುಟೇಶನ್ ಇಲ್ಲ

ನನ್ನ ಕೆಲಸದ ದಿನದಲ್ಲಿ ನಾನು ಅತಿ ಹೆಚ್ಚು ಓದುವ ಗದ್ಯ ಯಾವುದು ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಅದು ಕಾದಂಬರಿಯೂ ಅಲ್ಲ, ಪತ್ರಿಕೆಯೂ ಅಲ್ಲ. ಸರ್ವರುಗಳು ತಮ್ಮಷ್ಟಕ್ಕೆ ಬರೆದಿಡುವ ಲಾಗು. ನನ್ನಂಥವರು ಬೆಂಗಳೂರಲ್ಲೇ ಸಾವಿರಾರು ಜನ ಇದ್ದೇವೆ. ರಾತ್ರಿ ಎರಡು ಗಂಟೆಗೆ, ಚಹಾ ಆರುತ್ತಿರುವಾಗ, ಒಂದೊಂದು ಸಾಲನ್ನೂ ಬೆರಳಿಟ್ಟು ಓದುವವರು. ಇಷ್ಟು ಗಮನ ಕೊಟ್ಟು ಓದಿಸಿಕೊಳ್ಳುವ ಬರಹಕ್ಕೆ ಒಬ್ಬ ವಿಮರ್ಶಕನೂ ಇಲ್ಲ. ಯಾವ ಲಾಗು ಚೆನ್ನಾಗಿ ಬರೆದದ್ದು, ಯಾವುದು ಓದುಗನಿಗೆ ಮೋಸ ಮಾಡ್ತದೆ ಅಂತ ಯಾರೂ ಹೇಳುವುದಿಲ್ಲ. ಈ ಸಲ ನಾನೇ ಹೇಳಿಬಿಡ್ತೇನೆ. ಅದರಲ್ಲೂ ವರ್ಚುವಲ್ ಮಶೀನುಗಳ ಲಾಗು, ಮತ್ತು ಅದರ ಜೊತೆಗಿಟ್ಟು ಓದಲೇಬೇಕಾದ, ಆದರೆ ಯಾವ ತಂತ್ರಾಂಶವೂ ಜೊತೆಗಿಟ್ಟು ತೋರಿಸದ, ಸಾಫ್ಟ್‌ವೇರ್ ಆವೃತ್ತಿಗಳ ಪಟ್ಟಿ.

ವರ್ಚುವಲ್ ಮಶೀನ್ ಗೊತ್ತಿಲ್ಲದವರಿಗೆ: ಹಳೇ ಮೈಸೂರಿನ ವಠಾರ ನೆನೆಸಿಕೊಳ್ಳಿ. ಕಟ್ಟಡ ಒಂದೇ, ಬಾವಿ ಒಂದೇ. ಒಳಗೆ ಹತ್ತು ಸಂಸಾರ. ಪ್ರತಿ ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಒಲೆ. ವಠಾರದ ಸಂಸಾರಕ್ಕೆ ಪಕ್ಕದ ಮನೆಯ ಒಗ್ಗರಣೆ ಸದ್ದಾದರೂ ಕೇಳುತ್ತದೆ. ವಿಎಂಗೆ ಅದೂ ಇಲ್ಲ, ಇಡೀ ಕಟ್ಟಡ ತನ್ನದೇ ಅಂದುಕೊಂಡಿರುತ್ತದೆ. ಕಟ್ಟಡವನ್ನು ನಡೆಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಅಂತ ಹೆಸರು. ವಿಎಂವೇರ್‌ನ ಇಎಸ್‌ಎಕ್ಸ್‌ಐ, ಮೈಕ್ರೋಸಾಫ್ಟಿನ ಹೈಪರ್-ವಿ, ಲಿನಕ್ಸಿನ ಕೆವಿಎಂ ಎಲ್ಲ ಈ ಜಾತಿಯವು. ಹಲವು ವಠಾರಗಳನ್ನು ಒಟ್ಟಿಗೆ ನೋಡಿಕೊಳ್ಳುವ ಮೇಸ್ತ್ರಿಯೂ ಒಬ್ಬನಿರುತ್ತಾನೆ. ವಿಎಂವೇರ್ ಲೋಕದಲ್ಲಿ ಅವನು ವಿಸೆಂಟರ್.

ಹಾಗಾಗಿ ಒಂದು ಘಟನೆಗೆ ಮೂರು ದಿನಚರಿ. ಒಳಗಿರುವ ಬಾಡಿಗೆದಾರ, ಅಂದರೆ ಗೆಸ್ಟ್ ಆಪರೇಟಿಂಗ್ ಸಿಸ್ಟಂ ಬರೆಯುವುದು ಒಂದು. ಕಟ್ಟಡ ಬರೆಯುವುದು ಇನ್ನೊಂದು. ಮೇಸ್ತ್ರಿಯದ್ದು ಮೂರನೆಯದು. ಮೂವರ ಗಡಿಯಾರ ಬೇರೆ, ಭಾಷೆ ಬೇರೆ, ನೆನಪಿನ ಆಯಸ್ಸು ಬೇರೆ. ಮೂವರನ್ನೂ ಕೂರಿಸಿ ಸಾಕ್ಷಿ ತೆಗೆದುಕೊಳ್ಳುವುದೇ ನಮ್ಮ ಕೆಲಸ.

ಬಾಡಿಗೆದಾರನಿಂದ ಶುರು ಮಾಡೋಣ. ವಿಂಡೋಸಿನ ಈವೆಂಟ್ ವ್ಯೂವರ್ 1993ರ ಎನ್‌ಟಿ 3.1 ಕಾಲದಿಂದ ಇದೆ. ಅದರಲ್ಲಿ ನನಗೆ ತುಂಬ ಇಷ್ಟವಾದ ಬರಹ ಅಂದರೆ ಕರ್ನಲ್-ಪವರ್ 41. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೇ ಮತ್ತೆ ಶುರುವಾಗಿದೆ, ನೇತುಬಿದ್ದಿರಬಹುದು, ಕ್ರ್ಯಾಶ್ ಆಗಿರಬಹುದು, ಕರೆಂಟು ಹೋಗಿರಬಹುದು ಎಂಬರ್ಥದ ಎರಡು ಸಾಲು. ಅಷ್ಟೇ. ಕಾರಣ ಗೊತ್ತು ಅಂತ ನಟಿಸುವುದಿಲ್ಲ. ತಾನು ಸತ್ತದ್ದು ತನಗೆ ಗೊತ್ತಾಗುವುದು ಎದ್ದ ಮೇಲೆಯೇ ಅನ್ನುವ ಸತ್ಯವನ್ನು ಇಷ್ಟು ಸಂಕೋಚದಿಂದ ಹೇಳುವ ಬರಹ ಕಡಿಮೆ. ಅದರ ಅಣ್ಣ 6008 ಕೂಡ ಹಾಗೇ: ಹಿಂದಿನ ಶಟ್‌ಡೌನ್ ಇಂಥ ಹೊತ್ತಿಗೆ ಆಯಿತು, ಅದು ನಿರೀಕ್ಷಿತವಲ್ಲ. ಇನ್ನೂ ಒಳ್ಳೆಯದು 1074. ಯಾರೋ ಬೇಕೆಂದೇ ನಿಲ್ಲಿಸಿದ್ದರೆ ಯಾವ ಪ್ರೋಗ್ರಾಂ, ಯಾವ ಬಳಕೆದಾರನ ಹೆಸರಲ್ಲಿ, ಏನು ಕಾರಣ ಕೊಟ್ಟು ನಿಲ್ಲಿಸಿತು ಅಂತ ಬರೆದಿಡುತ್ತದೆ. ಒಬ್ಬ ಒಳ್ಳೆಯ ಗುಮಾಸ್ತ ಬರೆದಂತಿದೆ.

ಅದೇ ಈವೆಂಟ್ ವ್ಯೂವರಿನಲ್ಲಿ ಅದಕ್ಕಿಂತ ಹತ್ತು ಪಾಲು ಕೆಟ್ಟ ಗದ್ಯವೂ ಇದೆ. ಡಿಸ್ಟ್ರಿಬ್ಯೂಟೆಡ್‌ಕಾಮ್ 10016 ಅನ್ನೋ ದೂರು ಬಹುಪಾಲು ವಿಂಡೋಸ್ 10 ಯಂತ್ರಗಳಲ್ಲಿ ಸಿಗುತ್ತದೆ. ಏನೋ ಅನುಮತಿ ಸಿಗಲಿಲ್ಲ ಅಂತ ಗೋಳು. ಇದು ವಿನ್ಯಾಸದಲ್ಲೇ ಹೀಗಿದೆ, ಕಡೆಗಣಿಸಿ ಅಂತ ಮೈಕ್ರೋಸಾಫ್ಟೇ ದಾಖಲೆಯಲ್ಲಿ ಬರೆದಿದೆ. ಕಡೆಗಣಿಸಬೇಕಾದದ್ದನ್ನು ಯಾಕೆ ಬರೆಯಬೇಕು ಸ್ವಾಮಿ? ಓದುಗನಿಗೆ ಇದರಿಂದ ಆಗುವ ನಷ್ಟ ಬರೀ ಸಮಯದ್ದಲ್ಲ. ಕೆಂಪು-ಹಳದಿ ಗುರುತುಗಳನ್ನು ನೋಡಿಯೂ ನೋಡದಂತಿರುವ ಅಭ್ಯಾಸ ಬೆಳೆಯುತ್ತದೆ. ಡಿಸ್ಕ್ ಕೆಡುತ್ತಿದೆ ಅಂತ ನಿಜವಾದ ಎಚ್ಚರಿಕೆ ಬಂದ ದಿನ ಅದೂ 10016ರ ಪಕ್ಕದಲ್ಲಿ ಅದೇ ಬಣ್ಣದ ಅಂಗಿ ತೊಟ್ಟು ಕೂತಿರುತ್ತದೆ.

ಅಭ್ಯಾಸ ಇಲ್ಲದವರಿಗೆ ಆಗುವುದು ಇದರ ಉಲ್ಟಾ. ಅಮೆರಿಕ, ಇಂಗ್ಲೆಂಡಿನ ವಯಸ್ಸಾದವರಿಗೆ ಫೋನು ಮಾಡಿ, ನಾವು ವಿಂಡೋಸ್ ಕಡೆಯವರು ಅಂತ ಹೇಳಿ, ಈವೆಂಟ್ ವ್ಯೂವರ್ ತೆಗೆಸಿ, ನೋಡಿ ನಿಮ್ಮ ಕಂಪ್ಯೂಟರಿನಲ್ಲಿ ಎಷ್ಟು ಎರರ್ ಇದೆ ಅಂತ ಹೆದರಿಸಿ ದುಡ್ಡು ಕೀಳುವ ದಂಧೆ ನಿಮಗೆ ಗೊತ್ತೇ ಇದೆ. ಅದರಲ್ಲಿ ನಮ್ಮ ದೇಶದ ಕಾಲ್ ಸೆಂಟರುಗಳ ಪಾಲು ಸಣ್ಣದಲ್ಲ. 2023ರ ಅಕ್ಟೋಬರಿನಲ್ಲಿ ಸಿಬಿಐ ಆಪರೇಷನ್ ಚಕ್ರ-2 ಅಂತ ಹೆಸರಿಟ್ಟು ನಡೆಸಿದ ದಾಳಿಗಳಲ್ಲಿ ಇಂಥವೂ ಇದ್ದವು. ಈ ವಂಚಕರು ಒಂದು ಸುಳ್ಳು ಪರದೆಯನ್ನೂ ತಯಾರಿಸಬೇಕಾಗಿರಲಿಲ್ಲ. ಆರೋಗ್ಯವಾಗಿರುವ ಯಂತ್ರದಲ್ಲೂ ನೂರಾರು ಕೆಂಪು ಗುರುತು ಇರುವಂತೆ ವಿಂಡೋಸೇ ಬರೆದಿಟ್ಟಿತ್ತು. ಕೆಟ್ಟ ಗದ್ಯದಿಂದ ಜನ ದುಡ್ಡು ಕಳಕೊಂಡ ಉದಾಹರಣೆ ಕೇಳಿದರೆ ನಾನು ಇದನ್ನೇ ಕೊಡ್ತೇನೆ.

ಈವೆಂಟ್ ವ್ಯೂವರಿನ ಮೇಲೆ ನನ್ನ ದೊಡ್ಡ ತಕರಾರು ಇದಲ್ಲ. ಒಂದು ಯಂತ್ರದ ಲಾಗನ್ನು ಇನ್ನೊಂದು ಯಂತ್ರಕ್ಕೆ ಒಯ್ದು ತೆಗೆದವರಿಗೆಲ್ಲ ಒಂದು ಸಂದೇಶ ಕಂಡೇ ಇರುತ್ತದೆ: ಇಂಥ ಮೂಲದ ಇಂಥ ಸಂಖ್ಯೆಯ ಘಟನೆಗೆ ವಿವರಣೆ ಸಿಗುತ್ತಿಲ್ಲ. ಕಾರಣ ಏನಂದರೆ ಸಾಮಾನ್ಯವಾಗಿ ಲಾಗಿನಲ್ಲಿ ಪೂರ್ತಿ ವಾಕ್ಯವೇ ಇರುವುದಿಲ್ಲ. ಸಂಖ್ಯೆ ಇರುತ್ತದೆ, ತುಂಬಬೇಕಾದ ಹೆಸರುಗಳಿರುತ್ತವೆ. ವಾಕ್ಯ ಇರುವುದು ಅದನ್ನು ಬರೆದ ತಂತ್ರಾಂಶದ ಕಡತದಲ್ಲಿ. ಆ ತಂತ್ರಾಂಶ ತೆಗೆದುಹಾಕಿದರೆ ವಾಕ್ಯವೂ ಹೋಯಿತು. ಹೊಸ ಆವೃತ್ತಿ ಬಂದು ಅದೇ ಸಂಖ್ಯೆಗೆ ಬೇರೆ ಮಾತು ಕೊಟ್ಟರೆ ಹಳೆಯ ಘಟನೆಯೂ ಹೊಸ ಮಾತಿನಲ್ಲಿ ಕಾಣಿಸುತ್ತದೆ. ಅಂದರೆ ಲಾಗಿನ ಅರ್ಥವೇ ಆವೃತ್ತಿಗೆ ಕಟ್ಟಿಕೊಂಡಿದೆ. ಯಾವ ಆವೃತ್ತಿ ಬರೆದದ್ದು ಅಂತ ಗೊತ್ತಿಲ್ಲದೇ ಲಾಗು ಓದುವುದು, ನಿಘಂಟು ಬದಲಾಗ್ತಾ ಇರುವ ಭಾಷೆಯಲ್ಲಿ ಬಂದ ಹಳೇ ಕಾಗದ ಓದಿದ ಹಾಗೆ.

ಈ ಲೆಕ್ಕದಲ್ಲಿ ವಿಎಂವೇರ್‌ನ ಕಟ್ಟಡದ ದಿನಚರಿಗೆ ನಾನು ಹೆಚ್ಚು ಅಂಕ ಕೊಡ್ತೇನೆ. ಪ್ರತಿ ವಿಎಂನ ಫೋಲ್ಡರಿನಲ್ಲಿ ವಿಎಂವೇರ್ ಡಾಟ್ ಲಾಗ್ ಅಂತ ಒಂದು ಫೈಲಿರುತ್ತದೆ. ಅದರ ಶುರುವಿನಲ್ಲೇ ಇದು ಇಎಸ್‌ಎಕ್ಸ್‌ನ ಇಂಥ ಆವೃತ್ತಿ, ಇಂಥ ಬಿಲ್ಡ್ ಸಂಖ್ಯೆ ಬರೆಯುತ್ತಿರುವ ಲಾಗು ಅಂತ ಹೇಳಿಬಿಡುತ್ತದೆ. ನಮ್ಮ ಹಳೆಯ ಶಾಸನಗಳನ್ನು ನೋಡಿ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಹೇಳಿ, ಯಾವ ಅರಸ ಆಳುತ್ತಿದ್ದಾಗ ಅಂತ ಹೇಳಿ, ಆಮೇಲೆ ಯಾರಿಗೆ ಎಷ್ಟು ಗದ್ದೆ ಬಿಟ್ಟರು ಅನ್ನೋ ವಿಷಯಕ್ಕೆ ಬರುತ್ತವೆ. ಶತಮಾನಗಳಾಚೆ ಓದುವವನು ಒಬ್ಬನಿದ್ದಾನೆ ಅನ್ನೋ ಅರಿವು ಬರೆಸಿದವನಿಗಿತ್ತು. ವಿಎಂವೇರ್ ಡಾಟ್ ಲಾಗಿನ ಆರಂಭದಲ್ಲೂ ಆ ಅರಿವಿದೆ. ಯಾರ ಆಳ್ವಿಕೆಯಲ್ಲಿ ಇದು ನಡೆಯಿತು ಅಂತ ಕೇಳುವ ಅಗತ್ಯವೇ ಬೀಳುವುದಿಲ್ಲ. (ಲಿನಕ್ಸಿನ ಹಳೇ ಸಿಸ್‌ಲಾಗ್ ಸಾಲುಗಳಲ್ಲಿ ತಿಂಗಳು, ತಾರೀಕು, ಗಂಟೆ ಇರುತ್ತದೆ, ವರ್ಷವೇ ಇರುವುದಿಲ್ಲ! 2009ರ ಹೊಸ ಮಾನದಂಡದಲ್ಲಿ ವರ್ಷ ಸೇರಿತು, ಆದರೂ ಹಳೇ ರೂಪ ಇನ್ನೂ ಉಸಿರಾಡುತ್ತಿದೆ. ಸಂವತ್ಸರ ಮರೆತ ಶಾಸನಕಾರನನ್ನು ನಾವು ಕ್ಷಮಿಸುತ್ತಿದ್ದೆವಾ?)

ಆರಂಭದ ನಂತರ ಅದೂ ಇಳಿಯುತ್ತದೆ, ಒಪ್ಪಿಕೊಳ್ಳೋಣ. ನೂರಾರು ಸಾಲು ಸೆಟ್ಟಿಂಗುಗಳ ಪಟ್ಟಿ, ಸಿಪಿಯುವಿನ ಗುಣಗಳ ಕೋಷ್ಟಕ, ಬರೆದ ಎಂಜಿನಿಯರಿಗಷ್ಟೇ ಅರ್ಥವಾಗುವ ಸಂಕ್ಷೇಪಗಳು. ಇನ್ನೊಂದು ದೋಷ ಅದರ ನೆನಪಿನದು. ವಿಎಂ ಹೊತ್ತಿಸಿದಾಗೆಲ್ಲ ಹೊಸ ಫೈಲು ಶುರು, ಹಳೆಯದಕ್ಕೆ ಸಂಖ್ಯೆ ಹಾಕಿ ಪಕ್ಕಕ್ಕಿಡುತ್ತದೆ, ಬೆರಳೆಣಿಕೆಯಷ್ಟು ಹಳೆಯವನ್ನು ಮಾತ್ರ ಉಳಿಸುತ್ತದೆ. ಸರಿ. ಆದರೆ ಯಾವ ವಿಎಂನ ಹಳೇ ಲಾಗು ನಮಗೆ ಬೇಕಾಗುವುದು? ಕೆಟ್ಟದ್ದರದ್ದು. ಕೆಟ್ಟ ವಿಎಂ ಏನು ಮಾಡುತ್ತದೆ? ಬೀಳುತ್ತದೆ. ಯಾರೋ ಬಂದು ಹೊತ್ತಿಸುತ್ತಾರೆ, ಮತ್ತೆ ಬೀಳುತ್ತದೆ, ಮತ್ತೆ ಹೊತ್ತಿಸುತ್ತಾರೆ. ಗಾಬರಿಯಲ್ಲಿ ಹತ್ತು ಹನ್ನೆರಡು ಸಲ ಹೊತ್ತಿಸುವಷ್ಟರಲ್ಲಿ ಮೊದಲ ಬೀಳುವಿಕೆಯ ಲಾಗು ಸಾಲಿನ ಕೊನೆಯಿಂದ ಉದುರಿ ಹೋಗಿರುತ್ತದೆ. ಜ್ವರ ಬಂದಾಗಲೇ ಡೈರಿ ಹರಿದುಕೊಳ್ಳುವ ರೋಗಿ ಇದು.

ಇನ್ನು ಗಡಿಯಾರದ ವಿಷಯ. ಈ ಲಾಗಿನಲ್ಲಿ ಹೊತ್ತು ಇರುವುದು ಯುಟಿಸಿಯಲ್ಲಿ. ನಮ್ಮ ಸಮಯಕ್ಕಿಂತ ಐದೂವರೆ ತಾಸು ಹಿಂದೆ. ಸಮಯದ ಕೊನೆಯಲ್ಲಿ ಇಂಗ್ಲಿಷಿನ ಜೆಡ್ ಅಕ್ಷರ ಒಂದಿರುತ್ತದೆ, ಅದೇ ಅದರ ಗುರುತು. ತಾಂತ್ರಿಕವಾಗಿ ಇದು ಸರಿಯಾದ ನಿರ್ಧಾರ, ನಾನೂ ಅದರ ಪರ. ಆದರೆ ವಿಸೆಂಟರಿನ ಪರದೆ ಅದೇ ಘಟನೆಗಳನ್ನು ನೋಡುವವನ ಸ್ಥಳೀಯ ಸಮಯಕ್ಕೆ ತಿರುಗಿಸಿ ತೋರಿಸುತ್ತದೆ. ಒಂದೇ ಕಂಪನಿಯ ಎರಡು ದಿನಚರಿ, ಎರಡು ಗಡಿಯಾರ. ವ್ಯತ್ಯಾಸ ಹೇಳಲಿಕ್ಕೆ ಒಂದು ಅಕ್ಷರ.

ಒಂದು ಅಕ್ಷರದಿಂದ ಏನಾಗ್ತದೆ ಅನ್ನುವವರಿಗೆ ಒಂದು ಪ್ರಸಂಗ. ಸಂಸ್ಥೆಯ ಹೆಸರು ಬೇಡ. ಒಂದು ಬೆಳಿಗ್ಗೆ ಬಿಲ್ಲಿಂಗಿನ ವಿಎಂ ಆಫ್ ಆಗಿರೋದು ಕಂಡಿತು. ರಾತ್ರಿ ಅದನ್ನು ಯಾರೂ ಬಳಸುವುದಿಲ್ಲವಾದ್ದರಿಂದ ಯಾವಾಗ ನಿಂತಿತು ಅಂತ ಯಾರಿಗೂ ಗೊತ್ತಿಲ್ಲ. ಯಾರೋ ವಿಎಂವೇರ್ ಡಾಟ್ ಲಾಗ್ ತೆಗೆದು ಕಳಿಸಿದರು. ಕೊನೆಯ ಸಾಲು 20:41. ಇನ್ನೊಬ್ಬರು ವಿಸೆಂಟರಿಗೆ ಯಾರು ಯಾವಾಗ ಲಾಗಿನ್ ಆದರು ಅನ್ನೋ ಪಟ್ಟಿ ಕಳಿಸಿದರು. ರಾತ್ರಿ ಪಾಳಿಯ ಗುತ್ತಿಗೆ ಹುಡುಗ 8:36ಕ್ಕೆ ಲಾಗಿನ್. ಮ್ಯಾನೇಜರು ಎರಡನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಹಾಕಿದರು. ಒಳಗೆ ಬಂದ ಐದು ನಿಮಿಷಕ್ಕೆ ಆಫ್ ಮಾಡಿದ್ದಾನೆ, ಇನ್ನೇನು ಪುರಾವೆ ಬೇಕು? ಮಧ್ಯಾಹ್ನದ ಹೊತ್ತಿಗೆ ಅವನನ್ನು ಪಾಳಿಯಿಂದ ತೆಗೆದು, ಏಜೆನ್ಸಿಗೆ ಪತ್ರ ಹೋಯಿತು.

ಬೇರೆ ಕೆಲಸಕ್ಕೆ ಅಂತ ಅಲ್ಲಿಗೆ ಹೋಗಿದ್ದ ನನ್ನ ಕೈಗೆ ಆ ಹಾಳೆ ಬಂತು. ಲಾಗಿನ 20:41 ಅಂದರೆ ನಮ್ಮ ಮಾರನೇ ದಿನದ ನಸುಕಿನ 2:11. ವಿಎಂ ಹೊತ್ತಿಸಿ, ಒಳಗಿನ ವಿಂಡೋಸಿನ ಸಿಸ್ಟಂ ಲಾಗಿನಲ್ಲಿ 2:10ರ ಸುತ್ತ ಹುಡುಕಿದರೆ ಸಿಕ್ಕಿದ್ದು ಆ ಒಳ್ಳೆಯ ಗುಮಾಸ್ತ 1074. ಎಂದೋ ಯಾವುದೋ ನಿರ್ವಹಣೆಗೆ ಅಂತ ಹಾಕಿಟ್ಟು ಮರೆತ ಒಂದು ನಿಗದಿತ ಕೆಲಸ, ಒಂದು ಸರ್ವಿಸ್ ಅಕೌಂಟಿನ ಹೆಸರಲ್ಲಿ, ಯಂತ್ರವನ್ನು ಶಟ್‌ಡೌನ್ ಮಾಡಿತ್ತು. ಹುಡುಗ ಆ ವಿಎಂ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಪತ್ರ ವಾಪಸಾಯಿತು. ಅವನಿಗೆ ಸಾರಿ ಅಂತ ಯಾರೂ ಹೇಳಿದ್ದು ನಾ ಕಾಣೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಆ ಮೂರು ದಿನದ ಸಂಬಳ ಹಾಕ್ತಾರಾ?"

ಇಲ್ಲಿ ಲಾಗಿನದ್ದು ತಪ್ಪಿಲ್ಲ, ಓದಿದವರದ್ದು ಅಂತ ನೀವು ಹೇಳಬಹುದು. ಅರ್ಧ ಒಪ್ತೇನೆ. ಆದರೆ ನಮ್ಮಲ್ಲಿ ಲಾಗು ಈಗ ಎಂಜಿನಿಯರುಗಳ ನಡುವಿನ ಖಾಸಗಿ ಟಿಪ್ಪಣಿಯಾಗಿ ಉಳಿದಿಲ್ಲ. ಮ್ಯಾನೇಜರು ಓದುತ್ತಾರೆ, ಆಡಿಟರು ಓದುತ್ತಾರೆ, ಎಚ್‌ಆರ್ ಓದುತ್ತಾರೆ, ವಕೀಲರೂ ಓದುತ್ತಾರೆ. ಸಾಕ್ಷ್ಯ ಕಾಯ್ದೆಯ 65ಬಿ ಇತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಇದೆ. ಪ್ರಮಾಣಪತ್ರದ ಜೊತೆ ಇಂಥ ದಾಖಲೆ ಕೋರ್ಟಿಗೂ ಹೋಗುತ್ತದೆ. ಹೀಗೆ ದಾರಿಯಲ್ಲಿ ಹೋಗುವವರೆಲ್ಲ ಓದುವ ಬರಹ, ಒಂದು ಅಕ್ಷರದ ಮೇಲೆ ಒಬ್ಬನ ಕೆಲಸ ನಿಲ್ಲುವಂತೆ ಇರಬಾರದು. ಐದು ಅಕ್ಷರ ಜಾಸ್ತಿ ಬರೆದು ಸ್ಥಳೀಯ ಸಮಯವನ್ನೂ ಹಾಕಿದ್ದರೆ ಡಿಸ್ಕೇನೂ ತುಂಬುತ್ತಿರಲಿಲ್ಲ.

ಈಗ ಆವೃತ್ತಿಗಳಿಗೆ ಬರ್ತೇನೆ. ಶೀರ್ಷಿಕೆ ಇಟ್ಟದ್ದು ಅದಕ್ಕೇ.

ವಿಸೆಂಟರಿನಲ್ಲಿ ಒಂದು ವಿಎಂ ಮೇಲೆ ಒತ್ತಿದರೆ ಅದರ ವರ್ಚುವಲ್ ಹಾರ್ಡ್‌ವೇರ್ ಆವೃತ್ತಿ ಕಾಣುತ್ತದೆ, ಒಳಗೆ ಹಾಕಿರುವ ವಿಎಂವೇರ್ ಟೂಲ್ಸ್ ಆವೃತ್ತಿ ಕಾಣುತ್ತದೆ. ಹಾರ್ಡ್‌ವೇರ್ ಆವೃತ್ತಿ ಅಂದರೆ ಆ ವಿಎಂಗೆ ತೋರಿಸಲಾಗುವ ಕಾಲ್ಪನಿಕ ಮದರ್‌ಬೋರ್ಡಿನ ತಲೆಮಾರು. ಇಎಸ್‌ಎಕ್ಸ್‌ಐ 5.5ಕ್ಕೆ 10, 6.0ಕ್ಕೆ 11, 6.5ಕ್ಕೆ 13, 6.7ಕ್ಕೆ 14, 7.0ಕ್ಕೆ 17. ಹೈಪರ್-ವಿಯಲ್ಲೂ ಇಂಥದ್ದೇ ಇದೆ: ಸರ್ವರ್ 2012 ಆರ್2ಕ್ಕೆ 5.0, 2016ಕ್ಕೆ 8.0, 2019ಕ್ಕೆ 9.0, ಒಮ್ಮೆ ಏರಿಸಿದರೆ ಇಳಿಸಲು ಬರುವುದಿಲ್ಲ. ಟೂಲ್ಸ್ ಸಂಖ್ಯೆಯದ್ದು ಇನ್ನೂ ತಮಾಷೆ. ಬಹುಕಾಲ ಪರದೆ ತೋರಿಸುತ್ತಿದ್ದುದು 11269 ಅಂತ. ಹಾಕಿಕೊಂಡ ಪ್ಯಾಕೇಜಿನ ಹೆಸರು 11.0.5. ಎರಡೂ ಒಂದೇ! ಮೊದಲ ಅಂಕಿಯನ್ನು 1024ರಿಂದ ಗುಣಿಸಿ, ಎರಡನೆಯದನ್ನು 32ರಿಂದ ಗುಣಿಸಿ, ಮೂರನೆಯದನ್ನು ಕೂಡಿಸಿ. ಮಗ್ಗಿ ಬಂದರೆ ಮಾತ್ರ ಆವೃತ್ತಿ ಓದಬಹುದು ಅಂತ ಯಾವ ಪುಣ್ಯಾತ್ಮ ತೀರ್ಮಾನಿಸಿದನೋ.

ನನ್ನ ಮುಖ್ಯ ತಕರಾರು ಈ ಅಂಕಿಗಳ ಮೇಲಲ್ಲ. ಈ ಪರದೆ ಹೇಳುವುದು ಇವತ್ತಿನ ಸ್ಥಿತಿ. ನಮಗೆ ಬೇಕಾದದ್ದು ಅವತ್ತಿನದು. ಮೂರು ವಾರದ ಹಿಂದೆ ವಿಎಂ ಬಿದ್ದಾಗ ಟೂಲ್ಸ್ ಯಾವುದಿತ್ತು, ಹೋಸ್ಟಿನ ಬಿಲ್ಡ್ ಯಾವುದಿತ್ತು, ನಡುವೆ ಯಾರಾದರೂ ಏರಿಸಿದರಾ? ಹೊಲದ ಪಹಣಿ ನೋಡಿದವರಿಗೆ ಗೊತ್ತು, ಮಾಲೀಕನ ಹೆಸರಿನ ಬದಿಯಲ್ಲೇ ಎಂ.ಆರ್. ನಂಬರು ಇರುತ್ತದೆ. ಈ ಹೆಸರು ಇಲ್ಲಿಗೆ ಹೇಗೆ ಬಂತು ಅಂತ ಕೇಳಿದರೆ ಆ ನಂಬರು ಹಿಡಿದು ಮ್ಯುಟೇಶನ್ ರಿಜಿಸ್ಟರಿಗೆ ಹೋಗಬಹುದು: ಪೌತಿಯೋ, ವಿಭಾಗವೋ, ಕ್ರಯವೋ. ನಮ್ಮ ಕಂದಾಯ ಇಲಾಖೆಯನ್ನು ನಾವು ಬೈಯದ ದಿನವಿಲ್ಲ. ಆದರೆ ಇವತ್ತಿನ ಸ್ಥಿತಿಯ ಪಕ್ಕದಲ್ಲೇ ಅದು ಬಂದ ದಾರಿಯ ಗುರುತೂ ಇರಬೇಕು ಅನ್ನೋ ತಿಳಿವಳಿಕೆ ಶಾನುಭೋಗರ ಕಾಲದಿಂದ ಅದಕ್ಕಿದೆ. ವಿಸೆಂಟರಿನಲ್ಲಿ ಆವೃತ್ತಿ ಒಂದು ಕಡೆ, ಘಟನೆಗಳು ಇನ್ನೊಂದು ಟ್ಯಾಬಿನಲ್ಲಿ. ಒಂದರಿಂದ ಒಂದಕ್ಕೆ ದಾರಿ ಇಲ್ಲ.

ಇದು ಬರೀ ಅಚ್ಚುಕಟ್ಟಿನ ಪ್ರಶ್ನೆ ಅಂದುಕೊಂಡವರಿಗೆ 2018ರ ಜನವರಿ ನೆನಪಿಸಬೇಕು. ಸ್ಪೆಕ್ಟರ್, ಮೆಲ್ಟ್‌ಡೌನ್ ಅಂತ ಪ್ರೊಸೆಸರಿನ ಲೋಪಗಳು ಹೊರಬಿದ್ದವು. ಸ್ಪೆಕ್ಟರಿನ ಒಂದು ಬಗೆಯಿಂದ ವಿಎಂಗೆ ಪೂರ್ತಿ ರಕ್ಷಣೆ ಸಿಗಬೇಕಾದರೆ ಕಟ್ಟಡಕ್ಕೆ ಪ್ಯಾಚು ಬೇಕು, ಪ್ರೊಸೆಸರಿಗೆ ಹೊಸ ಮೈಕ್ರೋಕೋಡ್ ಬೇಕು, ಗೆಸ್ಟಿಗೆ ಪ್ಯಾಚು ಬೇಕು, ಹಾರ್ಡ್‌ವೇರ್ ಆವೃತ್ತಿ ಕನಿಷ್ಠ 9 ಇರಬೇಕು, ಇಷ್ಟೆಲ್ಲ ಆದ ಮೇಲೆ ವಿಎಂ ಅನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಬೇಕು. ಒಳಗಿನಿಂದ ರೀಸ್ಟಾರ್ಟ್ ಕೊಟ್ಟರೆ ಸಾಲದು. ಪ್ರೊಸೆಸರಿನ ಹೊಸ ಗುಣಗಳು ಕಾಣಿಸುವುದು ಹೊಸದಾಗಿ ಹೊತ್ತಿಸಿದಾಗ ಮಾತ್ರ. ಹೀಗಿರುವಾಗ ಪರದೆಯ ಮೇಲೆ ನಾಲ್ಕೂ ಆವೃತ್ತಿ ಸರಿಯಾಗಿದ್ದು, ವಿಎಂ ಮಾತ್ರ ಹಳೇ ಸ್ಥಿತಿಯಲ್ಲೇ ಓಡುತ್ತಿರಬಹುದು. ಅದು ಕೊನೆಯ ಸಲ ಹೊತ್ತಿದ್ದು ಪ್ಯಾಚಿನ ಮೊದಲೋ ಆಮೇಲೋ ಅಂತ ಆವೃತ್ತಿಯನ್ನೂ ಘಟನೆಯನ್ನೂ ಕೈಯಾರೆ ಜೋಡಿಸಿ ಎಕ್ಸೆಲ್ ಹಾಳೆ ಮಾಡಿದವರು ಇವತ್ತಿಗೂ ಆ ತಿಂಗಳ ಮಾತೆತ್ತಿದರೆ ಎದ್ದು ಹೋಗ್ತಾರೆ.

ಅದಕ್ಕೂ ಮೊದಲು, 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ಬಂತು. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್ ತನಕ ಲೋಪ, 1.0.1ಜಿಯಲ್ಲಿ ದುರಸ್ತಿ. ಎಲ್ಲರೂ ಓಡಿ ಹೋಗಿ ಆವೃತ್ತಿ ನೋಡಿದರು. ರೆಡ್‌ಹ್ಯಾಟ್ 6.5ರಲ್ಲಿ ಪ್ಯಾಚು ಹಾಕುವ ಮೊದಲೂ 1.0.1ಇ, ಹಾಕಿದ ಮೇಲೂ 1.0.1ಇ! ರೆಡ್‌ಹ್ಯಾಟಿನವರು ಹಳೇ ಆವೃತ್ತಿಯನ್ನೇ ಇಟ್ಟುಕೊಂಡು ದುರಸ್ತಿಯನ್ನು ಮಾತ್ರ ಹಿಂದಕ್ಕೆ ತಂದು ಸೇರಿಸುತ್ತಾರೆ. ಬದಲಾಗುವುದು ಪ್ಯಾಕೇಜಿನ ಬಾಲದಲ್ಲಿರುವ ಬಿಡುಗಡೆ ಸಂಖ್ಯೆ. ಆಡಿಟರುಗಳು ಸರಿಪಡಿಸಿದ ಸರ್ವರುಗಳನ್ನೂ ಕೆಂಪು ಪಟ್ಟಿಗೆ ಹಾಕಿದರು. ಇದರ ತಮ್ಮ ಇನ್ನೂ ಅಪಾಯಕಾರಿ: ಪ್ಯಾಕೇಜು ಹೊಸದು ಬಂದಿರುತ್ತದೆ, ಓಡುತ್ತಿರುವ ವೆಬ್ ಸರ್ವರು ಹಳೇ ಲೈಬ್ರರಿಯನ್ನೇ ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. ಪಟ್ಟಿಯಲ್ಲಿ ಎಲ್ಲ ಹಸಿರು, ತೂತು ಹಾಗೇ ಇದೆ. ಆವೃತ್ತಿ ತೋರಿಸುವ ಯಾವ ಪರದೆಯಾದರೂ ಡಿಸ್ಕಿನಲ್ಲಿರುವುದು ಇದು, ಓಡುತ್ತಿರುವುದು ಇದು ಅಂತ ಎರಡು ಕಾಲಂ ಇಟ್ಟಿದ್ದರೆ ನಾನು ಆ ಕಂಪನಿಗೆ ಹೂವಿನ ಹಾರ ಕಳಿಸ್ತೇನೆ.

ಬೈದದ್ದಾಯಿತು, ಒಳ್ಳೆಯದೂ ಒಂದು ಹೇಳಬೇಕು. ಡೆಬಿಯನ್, ಉಬುಂಟುಗಳಲ್ಲಿ ಏಪಿಟಿಯ ಹಿಸ್ಟರಿ ಲಾಗ್ ಅಂತ ಸಣ್ಣ ಫೈಲೊಂದಿದೆ. ಶುರುವಾದ ಹೊತ್ತು, ಕೊಟ್ಟ ಆದೇಶ, ಕೇಳಿದವರು ಯಾರು, ಯಾವ ಪ್ಯಾಕೇಜು ಯಾವ ಆವೃತ್ತಿಯಿಂದ ಯಾವುದಕ್ಕೆ, ಮುಗಿದ ಹೊತ್ತು. ಹಳೆಯದು, ಹೊಸದು ಎರಡೂ ಒಂದೇ ಆವರಣದಲ್ಲಿ. ತಿಂಗಳಿಗೊಂದರಂತೆ ಹನ್ನೆರಡು ತಿಂಗಳು ಇಟ್ಟುಕೊಳ್ಳುತ್ತದೆ. ಬಣ್ಣ ಇಲ್ಲ, ಗಾಬರಿ ಇಲ್ಲ, ಪಾರಿಭಾಷಿಕ ಪದಗಳ ಮೆರವಣಿಗೆ ಇಲ್ಲ. ಇದು ಶುದ್ಧ ಮ್ಯುಟೇಶನ್ ರಿಜಿಸ್ಟರು. ಈ ಪ್ರಕಾರದಲ್ಲಿ ನಾನು ಓದಿದ ಅತ್ಯುತ್ತಮ ಗದ್ಯ ಯಾವುದು ಅಂತ ಕೇಳಿದರೆ ಎರಡು ಸಲ ಯೋಚನೆ ಮಾಡದೆ ಇದನ್ನೇ ಹೇಳ್ತೇನೆ.

ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನೋದು ಈಗ ಸಂಪಾದಕನ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಎಲ್ಲ ಐಸಿಟಿ ವ್ಯವಸ್ಥೆಗಳ ಲಾಗುಗಳನ್ನು 180 ದಿನ ಇಟ್ಟಿರಬೇಕು, ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಿರಬೇಕು, ಸೈಬರ್ ಘಟನೆಯನ್ನು ಆರು ತಾಸಿನಲ್ಲಿ ವರದಿ ಮಾಡಬೇಕು. ಪಕ್ಕದಲ್ಲಿ ನಮ್ಮ ಪಾತ್ರಧಾರಿಗಳನ್ನು ನಿಲ್ಲಿಸಿ ನೋಡಿ. ಈಚಿನ ವಿಸೆಂಟರುಗಳು ಯಾರೂ ಮುಟ್ಟದಿದ್ದರೆ ಘಟನೆಗಳನ್ನು ಇಟ್ಟುಕೊಳ್ಳುವುದು 30 ದಿನ. ವಿಂಡೋಸಿನ ಸಿಸ್ಟಂ ಲಾಗಿನ ಗಾತ್ರ 20 ಎಂಬಿ, ತುಂಬಿದರೆ ಹಳೆಯದರ ಮೇಲೇ ಬರೆಯುತ್ತದೆ. 10016ರಂಥ ಗೋಳುಗಳು ಜಾಗ ತಿಂದಷ್ಟೂ ನಿಜವಾದ ಘಟನೆಗಳ ಆಯಸ್ಸು ಕಡಿಮೆ. ಎಸ್‌ಡಿ ಕಾರ್ಡಿನಲ್ಲೋ ಪೆನ್‌ಡ್ರೈವಿನಲ್ಲೋ ಇನ್‌ಸ್ಟಾಲ್ ಮಾಡಿ ಲಾಗಿಗೆ ಬೇರೆ ಜಾಗ ತೋರಿಸದೇ ಬಿಟ್ಟ ಇಎಸ್‌ಎಕ್ಸ್‌ಐ ತನ್ನ ದಿನಚರಿಯನ್ನು ಮೆಮೊರಿಯಲ್ಲೇ ಬರೆದುಕೊಳ್ಳುತ್ತದೆ. ಹೋಸ್ಟು ಬಿದ್ದರೆ ಯಾಕೆ ಬಿತ್ತು ಅನ್ನೋದೂ ಅದರ ಜೊತೆ ಹೋಯಿತು. ಆರು ತಿಂಗಳ ನೆನಪು ಬೇಕು ಅನ್ನುವ ಕಾನೂನಿನ ಕೈಕೆಳಗೆ ಒಂದು ತಿಂಗಳ ನೆನಪಿನ ಮೇಸ್ತ್ರಿ. ಎಲ್ಲವನ್ನೂ ಹೊರಗಿನ ಸಿಸ್‌ಲಾಗ್ ಸರ್ವರಿಗೆ ಕಳಿಸಿ ಅನ್ನೋದು ಸರಿಯಾದ ಉತ್ತರ. ಎಷ್ಟು ಕಡೆ ಕಳಿಸಿದ್ದಾರೆ ಅಂತ ನನ್ನನ್ನು ಕೇಳಬೇಡಿ.

ವಿಎಂಗಳಿಗೇ ವಿಶೇಷವಾದ ಒಂದು ಸಂಗತಿ ಉಳಿದಿದೆ. ಸ್ನ್ಯಾಪ್‌ಶಾಟ್. ಸೋಮವಾರ ಒಂದು ಸ್ನ್ಯಾಪ್‌ಶಾಟ್ ತೆಗೆದಿರಿ. ಬುಧವಾರ ಏನೋ ಅಪ್‌ಡೇಟ್ ಹಾಕಿದಿರಿ, ಎಡವಟ್ಟಾಯಿತು, ಗುರುವಾರ ಸೋಮವಾರಕ್ಕೆ ರಿವರ್ಟ್ ಮಾಡಿದಿರಿ. ಈಗ ಒಳಗಿನ ಲಾಗು ತೆಗೆದು ನೋಡಿ: ಮಂಗಳವಾರ ಇಲ್ಲ, ಬುಧವಾರ ಇಲ್ಲ. ನಾನು ಹೊಗಳಿದ ಆ ಹಿಸ್ಟರಿ ಲಾಗಿನಲ್ಲೂ ಬುಧವಾರದ ನಮೂದು ಇಲ್ಲ, ಯಾಕಂದರೆ ಆ ರಿಜಿಸ್ಟರು ಇದ್ದದ್ದೂ ಅದೇ ಡಿಸ್ಕಿನಲ್ಲಿ. ಯಾರೂ ಅಳಿಸಿಲ್ಲ. ವಿಂಡೋಸಿನಲ್ಲಿ ಯಾರಾದರೂ ಸೆಕ್ಯುರಿಟಿ ಲಾಗ್ ಅಳಿಸಿದರೆ ಅಳಿಸಿದ್ದಾರೆ ಅಂತ 1102 ಬರೆದಿಡುತ್ತದೆ. ಇಲ್ಲಿ ಅದೂ ಹುಟ್ಟುವುದಿಲ್ಲ. ಬಾಡಿಗೆದಾರ ಸುಳ್ಳು ಹೇಳುತ್ತಿಲ್ಲ, ಅವನ ಪಾಲಿಗೆ ಆ ಮೂರು ದಿನ ನಡೆದೇ ಇಲ್ಲ. ಬುಧವಾರ ಆ ವಿಎಂನಿಂದ ಯಾರಿಗೋ ದುಡ್ಡು ಹೋಗಿದ್ದರೆ, ಯಾರೋ ಒಳನುಗ್ಗಿದ್ದರೆ, ಒಳಗೆ ಅದಕ್ಕೆ ಸಾಕ್ಷಿ ಇಲ್ಲ.

ಗೊತ್ತಿರುವುದು ಕಟ್ಟಡಕ್ಕೆ ಮತ್ತು ಮೇಸ್ತ್ರಿಗೆ. ರಿವರ್ಟ್ ಆಯಿತು ಅಂತ ವಿಸೆಂಟರ್ ಬರೆದಿಡುತ್ತದೆ, ಮೂವತ್ತು ದಿನದ ಮಟ್ಟಿಗೆ. ವಿಎಂವೇರ್ ಡಾಟ್ ಲಾಗ್ ಸ್ನ್ಯಾಪ್‌ಶಾಟಿನ ಒಳಗೆ ಬರುವುದಿಲ್ಲವಾದ್ದರಿಂದ ಅದು ಹಿಂದಕ್ಕೆ ಹೋಗುವುದಿಲ್ಲ, ಬುಧವಾರವನ್ನು ನೋಡಿದವರ ಪೈಕಿ ಅದೂ ಒಂದು. ಆದರೆ ವಿಎಂ ಅನ್ನು ಡಿಸ್ಕಿನಿಂದಲೇ ಅಳಿಸಿ ಅಂತ ಒಂದು ಮೆನು ಇದೆಯಲ್ಲ, ಅದು ಒತ್ತಿದರೆ ಆ ಫೋಲ್ಡರಿನಲ್ಲಿರುವ ಈ ಲಾಗೂ ಜೊತೆಗೇ ಹೋಗುತ್ತದೆ. ಖಚಿತವಾ ಅಂತ ಕೇಳುವ ಪೆಟ್ಟಿಗೆಯಲ್ಲಿ ಲಾಗಿನ ಬಗ್ಗೆ ಒಂದು ಮಾತೂ ಇಲ್ಲ. ನಾನು ಕೆಲಸ ಮಾಡುವ ಕಡೆ ಅಳಿಸುವ ಮೊದಲು ಆ ಫೋಲ್ಡರಿನ ಲಾಗುಗಳನ್ನು ಬೇರೆ ಕಡೆ ಎತ್ತಿಟ್ಟು, ಅವತ್ತಿನ ಹಾರ್ಡ್‌ವೇರ್ ಆವೃತ್ತಿ, ಟೂಲ್ಸ್ ಆವೃತ್ತಿ, ಹೋಸ್ಟಿನ ಬಿಲ್ಡು, ಕೊನೆಯ ಸಲ ಹೊತ್ತಿಸಿದ ಹೊತ್ತು, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದಿಡುವ ಸ್ಕ್ರಿಪ್ಟೊಂದು ಓಡುತ್ತದೆ. ಸಮಯ ಎರಡೂ ಇದೆ ಅದರಲ್ಲಿ, ಯುಟಿಸಿ ಒಂದು, ನಮ್ಮದೊಂದು.